ಮುತ್ತಣ್ಣ ಕಂಡ ಮೇಲಿನ ನೀರು

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ 'ಸರ್ವಿಸ್ ಇಂಜಿನಿಯರ್' ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರು ನಮ್ಮ ಅಂಗಡಿಯ ಸಾಹುಕಾರರು, ಹಾಗಾಗಿ ಆ ಸುಳ್ಳಿನ ಪಾಪ ಅವರದು. ನಾನು ಓದಿದ್ದು ಐ.ಟಿ.ಐ.ಯಲ್ಲಿ ರೇಡಿಯೊ ಮತ್ತು ಟಿ.ವಿ. ಮೆಕ್ಯಾನಿಕ್ ಕೋರ್ಸು. ಅದರಲ್ಲೂ ಟಿ.ವಿ.ಯ ಪೇಪರನ್ನು ಎರಡನೇ ಸಲ ಬರೆದು ದಾಟಿದವನು. ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ಈಗಲೂ ಟಿ.ವಿ. ಕೆಟ್ಟರೆ ನನಗೆ ಹೇಳದೆ ಕೋಟದಿಂದ ಬೇರೆಯವರನ್ನು ಕರೆಸುತ್ತಾರೆ.

2001ರಲ್ಲಿ ನಾನು ಗಂಗೊಳ್ಳಿ ಬಂದರಿನ ಈ ಅಂಗಡಿಗೆ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಮೀನುಗಾರಿಕೆ ಬೋಟುಗಳಿಗೆ ಬೇಕಾದ ವಯರ್‌ಲೆಸ್, ಮೀನಿನ ಹಿಂಡು ತೋರಿಸುವ ಯಂತ್ರ, ಆಗಷ್ಟೇ ಎಲ್ಲರೂ ಕೊಳ್ಳಲು ಶುರು ಮಾಡಿದ್ದ ಜಿಪಿಎಸ್ ಇವನ್ನು ನಾವು ಮಾರುತ್ತಿದ್ದೆವು. ಸಂಜೆ ಆರು ಗಂಟೆಗೆ ಬಾಗಿಲು ಹಾಕುತ್ತಿದ್ದೆವು. ಆರೂ ಕಾಲಿನ ಬಸ್ಸು ತಪ್ಪಿದರೆ ನನಗೆ ಮನೆ ಸೇರುವುದು ಕಷ್ಟ. ಈ ಬಸ್ಸಿನ ವಿಷಯ ಮುಂದೆ ಬರುತ್ತದೆ. ನನ್ನ ಜೀವಮಾನದ ದೊಡ್ಡ ತಪ್ಪಿಗೆ ಅರ್ಧ ಕಾರಣ ಆ ಬಸ್ಸು, ಉಳಿದರ್ಧ ನಾನು.

ಇಷ್ಟು ನನ್ನ ಬಗ್ಗೆ ಸಾಕು. ನಾನು ಬರೆಯಲು ಕೂತದ್ದು ಮುತ್ತಣ್ಣನವರ ಬಗ್ಗೆ.

ಮುತ್ತು ಮೊಗವೀರ ಹುಟ್ಟಿದ್ದು ಉಪ್ಪುಂದದ ಕಡಲ ದಡದಲ್ಲಿ. ಅಪ್ಪ ಕೈರಂಪಣಿಯವರು, ಎಂದರೆ ದಡದಲ್ಲೇ ನಿಂತು ಉದ್ದನೆಯ ಬಲೆಯನ್ನು ಊರವರೆಲ್ಲ ಸೇರಿ ಎಳೆಯುವವರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮುತ್ತಣ್ಣ ಹೊಳೆಯಲ್ಲಿ ಕೋಲಿನ ತುದಿಗೆ ಮುಳ್ಳು ಕಟ್ಟಿ ಮೀನು ಚುಚ್ಚುತ್ತ ಬೆಳೆದರು. ಹದಿನಾಲ್ಕಕ್ಕೆ ಬೊಂಬಾಯಿಗೆ ಹೋಗಿ ಬೋಟಿನಲ್ಲಿ ಅಡುಗೆ ಮಾಡಿದರು, ಬಲೆ ಹೊಲಿದರು, ಎಂಟು ವರ್ಷದ ನಂತರ ಹಿಂದಿ ಬೈಗುಳಗಳ ದೊಡ್ಡ ಸಂಗ್ರಹದೊಂದಿಗೆ ಊರಿಗೆ ಮರಳಿದರು. ಆಮೇಲೆ ಗಂಗೊಳ್ಳಿಯೇ ಅವರ ಊರು. ಬಂದರಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಸರೋಜಕ್ಕ ಬುಟ್ಟಿ ಹೊತ್ತು ತ್ರಾಸಿಯವರೆಗೆ ಮನೆಮನೆಗೆ ಮೀನು ಮಾರುತ್ತಿದ್ದರು. ನಾನು ನೋಡುವ ಹೊತ್ತಿಗೆ ಮುತ್ತಣ್ಣನವರಿಗೆ ಐವತ್ತೆರಡು ವರ್ಷ. ಭೋಜರಾಜ ಎಂಬವರ ಟ್ರಾಲ್ ಬೋಟಿಗೆ ಅವರು ತಾಂಡೇಲ.

ತಾಂಡೇಲ ಎಂದರೆ ಬೋಟಿನ ಚುಕ್ಕಾಣಿ ಹಿಡಿಯುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ತಿರುಗಬೇಕು ಎಲ್ಲವೂ ಅವನ ಮಾತು. ಬೋಟು ಸಾಹುಕಾರನದು. ಕಡಲಿನಲ್ಲಿರುವಷ್ಟು ಹೊತ್ತು ಮಾತ್ರ ಅದು ತಾಂಡೇಲನದು. ಆದ್ದರಿಂದ ತಾಂಡೇಲನ ಮಾತು ಸುಳ್ಳು ಎಂದು ಒಮ್ಮೆ ಬಂದರಿನಲ್ಲಿ ಸುದ್ದಿಯಾದರೆ ಅವನನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಮುತ್ತಣ್ಣನವರ ಹೆಸರು ನಿಂತಿದ್ದೇ ಅಜ್ಜಿಪಾದೆಯ ಮೇಲೆ. ಅದು ಬಂದರಿನಿಂದ ಒಂದೂವರೆ ಗಂಟೆ ದೂರದಲ್ಲಿ ನೀರಿನಡಿ ಮುಳುಗಿರುವ ದೊಡ್ಡ ಬಂಡೆ. ಅದರ ಸುತ್ತ ಬೊಂಡಾಸು, ಮುರು ಮೀನು ಸೇರುತ್ತವೆ. ದೂರದಲ್ಲಿ ಬಲೆ ಎಳೆದರೆ ಮೀನಿಲ್ಲ, ತೀರ ಹತ್ತಿರ ಹೋದರೆ ಬಲೆಯೇ ಇಲ್ಲ. ಬೇರೆಯವರು ಇನ್ನೂರು ಮಾರು ಬಿಟ್ಟು ಎಳೆಯುತ್ತಿದ್ದರೆ ಮುತ್ತಣ್ಣ ಐವತ್ತು ಮಾರಿನಲ್ಲಿ ಎಳೆಯುತ್ತಿದ್ದರು. ಲೆಕ್ಕ ಹೇಗೆಂದರೆ, ಕೊಡಚಾದ್ರಿಯ ತುದಿ ಮರವಂತೆಯ ಒಂದು ತೆಂಗಿನ ತೋಪಿನ ನೆತ್ತಿಗೆ ಬಂದು ಕೂರಬೇಕು. ಅದೇ ಹೊತ್ತಿಗೆ ಬಲಗಡೆ ಕೋಡಿಯ ದೀಪಸ್ತಂಭ ಹಿಂದಿನ ಗುಡ್ಡದ ಎಡಗಿವಿಗೆ ತಾಗಬೇಕು. ಎರಡೂ ಕೂಡಿದರೆ ಕಾಲಡಿಯಲ್ಲಿ ಅಜ್ಜಿ. ಗುಡ್ಡ ಕಾಣದ ಹೊತ್ತಿನಲ್ಲಿ, ಎಂದರೆ ಮಬ್ಬು ಕವಿದಾಗ ಅಥವಾ ಸೂರ್ಯ ಮುಳುಗಿದ ಮೇಲೆ, ಅವರು ಅತ್ತ ಹೋಗುತ್ತಲೇ ಇರಲಿಲ್ಲ.

ಭೋಜರಾಜಣ್ಣ ಜಿಪಿಎಸ್ ಕೊಂಡದ್ದು ಇದಕ್ಕೇ. ಕತ್ತಲಾದ ಮೇಲೂ ಅಜ್ಜಿಪಾದೆಯಲ್ಲಿ ಒಂದೆರಡು ಸುತ್ತು ಎಳೆಯಬಹುದಲ್ಲ. ಮಾರಿದವನು ನಾನು. ಬೋಟಿನಲ್ಲಿ ಕೂರಿಸಿ, ಆಂಟೆನಾ ಕಟ್ಟಿ, ಒಂದು ದಿನ ಜೊತೆಗೆ ಹೋಗಿ ಪಾದೆಯ ಜಾಗವನ್ನು ಯಂತ್ರದಲ್ಲಿ ಗುರುತು ಹಾಕಿಕೊಟ್ಟವನೂ ನಾನೇ. ಹೋಗುವಾಗ ಎರಡು ಸಲ, ಬರುವಾಗ ಒಂದು ಸಲ ವಾಂತಿ ಮಾಡಿದೆ. ಅದು ಗುರುತಿನ ಲೆಕ್ಕಕ್ಕೆ ಸೇರಿಲ್ಲ.

"ಇದ್ ಕತ್ಲಿಗೂ ಕಾಂತಾ?" ಎಂದು ಮುತ್ತಣ್ಣ ಯಂತ್ರವನ್ನು ಬೆರಳಿನಿಂದ ತಟ್ಟಿ ಕೇಳಿದರು.

"ಮುತ್ತಣ್ಣ, ಇದ್ಕೆ ಹಗ್ಲೂ ಒಂದೇ ರಾತ್ರಿಯೂ ಒಂದೇ. ಆಕಾಶದಂಗೆ ಇಪ್ಪತ್ನಾಲ್ಕ್ ಉಪಗ್ರಹ ತಿರುಗ್ತಾ ಇತ್ತ್. ನಿದ್ರಿ ಅಂಬುದೇ ಇಲ್ಲೆ ಇದ್ಕೆ."

"ನಿದ್ರಿ ಮಾಡ್ದೆ ಇಪ್ಪವ್ರನ್ನ ನಂಬೂಕಾಗ ಮಗಾ" ಎಂದರು.

ಜನವರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. "ರತೀಶಾ, ನಿನ್ ಮಿಷನ್ ಹೊತ್ತ್ ಕಂತಿದ್ ಮೇಲೆ ಒಂದೊಂದ್ ದಿನ ತೂಕಡಿಸತ್ತ್ ಮಾರಾಯ. ಬೋಟ್ ನಿಂತದ್ದ್ ನಿಂತಲ್ಲೇ ಇರತ್ತ್, ಅದ್ ಮಾತ್ರ ಹೋಯ್ತೇ ಇರತ್ತ್."

ನಾನು ನಕ್ಕೆ. ಚೆನ್ನಾಗಿ ನೆನಪಿದೆ, ಬಾಯಿತುಂಬ ನಕ್ಕೆ. ವಯರು ಸಡಿಲ ಇರಬೇಕು, ಆಂಟೆನಾಕ್ಕೆ ಉಪ್ಪು ಹಿಡಿದಿರಬೇಕು ಎಂದು ಇಂಜಿನಿಯರನ ಗತ್ತಿನಲ್ಲಿ ಹೇಳಿ ಒಂದು ಒರೆಸುವ ಬಟ್ಟೆ ಕೊಟ್ಟು ಕಳಿಸಿದೆ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ, 2002ರ ಮಾರ್ಚಿನಲ್ಲಿ, ಸಂಜೆ ಏಳೂಮುಕ್ಕಾಲರ ಸುಮಾರಿಗೆ ಭೋಜರಾಜಣ್ಣನ ಬೋಟಿನ ಬಲೆ ಅಜ್ಜಿಪಾದೆಗೆ ಸಿಕ್ಕಿಕೊಂಡಿತು. ಬಲೆ ಪೂರ್ತಿ ಹರಿಯಿತು. ಬಿಡಿಸಲು ಹೋದಾಗ ಹಗ್ಗ ಬೋಟಿನಡಿ ತಿರುಗುವ ಪಂಕಕ್ಕೆ ಸುತ್ತಿ ಅದೂ ಬಾಗಿತು. ಬೇರೊಂದು ಬೋಟು ಕಟ್ಟಿ ಎಳೆದುಕೊಂಡು ಬಂತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಬೋಟನ್ನು ರಿಪೇರಿಗೆ ದಡಕ್ಕೆ ಏರಿಸಿದರು.

ಮುತ್ತಣ್ಣ ಹೇಳಿದ್ದು ಒಂದೇ ಮಾತು: ಯಂತ್ರದ ಪ್ರಕಾರ ಪಾದೆ ಇನ್ನೂ ನೂರು ಮಾರು ಆಚೆಗಿತ್ತು.

ಮರುದಿನ ಭೋಜರಾಜಣ್ಣ ಯಂತ್ರ ಬಿಚ್ಚಿಸಿ ಅಂಗಡಿಗೆ ತಂದರು. ನಾನು ಅದರ ಆಂಟೆನಾವನ್ನು ಅಂಗಡಿಯ ಮಾಡಿನ ಮೇಲೆ ಕಟ್ಟಿ, ವಯರೆಲ್ಲ ಜಗ್ಗಿ ನೋಡಿ, ಒಂದು ಗಂಟೆ ಓಡಿಸಿದೆ. ಒಂಬತ್ತು ಉಪಗ್ರಹ ಸಿಕ್ಕಿದವು. ನಮ್ಮ ಅಂಗಡಿ ನಮ್ಮ ಅಂಗಡಿಯಲ್ಲೇ ಇತ್ತು. ಲೆಟರ್‌ಹೆಡ್ಡಿನಲ್ಲಿ 'ಯಂತ್ರ ಸರಿಯಾಗಿದೆ' ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿ ಕೊಟ್ಟೆ. ಸೀಲು ಒತ್ತುವುದೆಂದರೆ ನನಗೆ ಆಗ ಬಲು ಇಷ್ಟ. ಬೇಡದ ಕಡೆಯೂ ಎರಡು ಸಲ ಒತ್ತುತ್ತಿದ್ದೆ.

ಆ ಕಾಗದ ಭೋಜರಾಜಣ್ಣನ ಅಂಗಿಯ ಜೇಬಿನಲ್ಲಿ ಇಡೀ ಬಂದರು ಸುತ್ತಿತು. ಮಿಷನ್ ಸರಿ ಇತ್ತು, ಹಾಗಾದರೆ ಸರಿ ಇಲ್ಲದ್ದು ಯಾರು? ಮುತ್ತು ಕುಡಿದಿದ್ದ ಎಂದು ಒಬ್ಬ, ನಿದ್ದೆ ಹೋಗಿದ್ದ ಎಂದು ಇನ್ನೊಬ್ಬ. ಎರಡು ದಿನ ಕಳೆದು ನಮ್ಮ ಅಂಗಡಿಯ ಬೆಂಚಿನ ಎದುರೇ ಮಾತು ಕೈ ಮೀರಿತು.

"ಮುತ್ತು, ನಾ ನಿನ್ ಹತ್ರ ಬಲೆ ಕೇಂತಿಲ್ಲೆ, ಪಂಕ ಕೇಂತಿಲ್ಲೆ. ತಪ್ಪಾಯ್ತ್ ಅಂದ್ರೆ ಮುಗೀತ್" ಎಂದರು ಭೋಜರಾಜಣ್ಣ. ಮುತ್ತಣ್ಣನಿಗಿಂತ ಹತ್ತು ವರ್ಷ ಚಿಕ್ಕವರು. ಸಿಟ್ಟು ಬಂದಾಗ ಮಾತ್ರ 'ಅಣ್ಣ' ಬಿಟ್ಟು ಕರೆಯುತ್ತಿದ್ದರು.

"ಆಗದ್ದನ್ನ ಆಯ್ತ್ ಅಂತ ಹ್ಯಾಂಗ್ ಹೇಳುದ್?"

"ಹಾಂಗಾರೆ ಬಪ್ಪ ಹುಣ್ಣಿಮೆಗೆ ದೇವಸ್ಥಾನಕ್ಕೆ ಬಾ. ಆಣೆ ಹಾಕ್. ಮಿಷನ್ ತಪ್ಪ್ ತೋರ್ಸಿತ್ ಅಂತ ದೇವ್ರ್ ಮುಂದೆ ಹೇಳ್. ಮತ್ತೆ ನಾನ್ ಒಂದ್ ಶಬ್ದ ಮಾತಾಡುದಿಲ್ಲೆ."

ನಮ್ಮ ಕಡೆ ಇದು ದೊಡ್ಡ ಮಾತು. ಆಣೆ ಹಾಕಿದರೆ ಜಗಳ ಮುಗಿಯುತ್ತದೆ, ಹಾಕಲು ಹಿಂಜರಿದರೆ ತಪ್ಪು ಒಪ್ಪಿಕೊಂಡಂತೆ. ಮುತ್ತಣ್ಣ ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿದರು.

"ಈ ಪೆಟ್ಟಿಗೆ ಸಲ್ವಾಗಿ ನಾನ್ ದೇವ್ರನ್ನ ಎಬ್ಬಿಸ್ತಿಲ್ಲೆ ಭೋಜಣ್ಣ. ಅದೇ ಇಲ್ಲಿ ಇತ್ತಲೆ. ಅದೇ ಹೇಳ್ಲಿ."

"ಅದ್ ಹೇಳಿ ಆಯ್ತ್. ಸೀಲ್ ಹಾಕಿ ಹೇಳಿತ್" ಎಂದು ಭೋಜರಾಜಣ್ಣ ಜೇಬು ತಟ್ಟಿಕೊಂಡು ಎದ್ದರು. "ಹುಣ್ಣಿಮೆ ಕಳ್ದ್ ಬೋಟ್ ಇಳಿಸುದ್. ಅಷ್ಟರೊಳಗೆ ಆಣೆ ಇಲ್ಲೆ ಅಂದ್ರೆ ಬೇರೆ ತಾಂಡೇಲನ್ನ ಕಾಣ್ತೆ."

ಅವರು ಹೋದ ಮೇಲೆ ಮುತ್ತಣ್ಣ ನನ್ನ ಮೇಲೆ ರೇಗಬಹುದಿತ್ತು. ನಾನು ಅದಕ್ಕೆ ಸಿದ್ಧನಾಗಿ, ಯಾವುದೋ ಸ್ಕ್ರೂ ಬಿದ್ದಿದೆ ಎಂದು ಮೇಜಿನಡಿ ಬಗ್ಗಿದ್ದೆ.

"ಹ್ವಾಯ್ ಇಂಜಿನೇರೆ, ಮೇಲೆ ಏಳ್" ಎಂದರು. "ನೀನ್ ಮಿಷನ್ ಕಂಡದ್ದ್ ಏಗ್ಳಿಕೆ?"

"ಬೆಳಿಗ್ಗೆ. ಹನ್ನೊಂದ್ ಗಂಟಿಗೆ."

"ನಾ ತೂಕಡಿಸತ್ತ್ ಅಂದದ್ದ್ ಏಗ್ಳಿಕೆ?"

ಒಂದು ಸಂಜೆಯೂ ನಾನು ಯಾವ ಜಿಪಿಎಸ್ಸನ್ನೂ ನೋಡಿರಲಿಲ್ಲ. ಆರು ಗಂಟೆಗೆ ಬಾಗಿಲು, ಆರೂ ಕಾಲಿಗೆ ಬಸ್ಸು. ನನ್ನ ಪಾಲಿಗೆ ಲೋಕದ ಎಲ್ಲ ಯಂತ್ರಗಳೂ ಆರು ಗಂಟೆಗೆ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಿದ್ದವು.

ಅಂದೇ ಬಸ್ಸು ಬಿಟ್ಟೆ. ಮನೆಗೆ ಫೋನ್ ಮಾಡಿ 'ಓವರ್‌ಟೈಮ್' ಎಂದೆ. ಯಾವತ್ತೂ ಕೇಳದ ಶಬ್ದ ಕೇಳಿ ಅಮ್ಮ ಹೆದರಿದರು.

ಯಂತ್ರವನ್ನು ಮೇಜಿನ ಮೇಲಿಟ್ಟು, ಆಂಟೆನಾವನ್ನು ಮಾಡಿನ ಮೇಲೆ ಅಲ್ಲಾಡದಂತೆ ಬಿಗಿದು, ಆರೂವರೆಯಿಂದ ಎಂಟೂವರೆವರೆಗೆ ಇಬ್ಬರೂ ಕೂತೆವು. ಬರೆದಿಡಲು ಮುತ್ತಣ್ಣ ಗೋಡೆಯ ಕ್ಯಾಲೆಂಡರನ್ನೇ ಆರಿಸಿದರು. ಪ್ರತಿ ತಾರೀಕಿಗೂ ಒಂದು ಚೌಕ ಇರುವ ಕ್ಯಾಲೆಂಡರು. ಅವರ ಮನೆಯಲ್ಲೂ ಹಾಗೆಯೇ, ಗಾಳಿ ಯಾವ ಕಡೆ, ಮೀನು ಯಾವುದು ಎಂದು ಆಯಾ ದಿನದ ಚೌಕದೊಳಗೆ ಎರಡಕ್ಷರ. ಮೂರನೇ ಕ್ಲಾಸಿನ ಓದಿಗೆ ಆ ಚೌಕ ಸಾಕಷ್ಟು ದೊಡ್ಡದು ಎನ್ನುತ್ತಿದ್ದರು.

ಮೊದಲ ಸಂಜೆ ಯಂತ್ರ ಕಲ್ಲಿನ ಹಾಗೆ ನಿಂತಿತು. ಅಂಕಿಗಳು ಅಲ್ಲಾಡಲಿಲ್ಲ. ಮುತ್ತಣ್ಣ ಸ್ಟೂಲು ಹತ್ತಿ ಚೌಕದಲ್ಲಿ 'ಸಮ' ಎಂದು ಬರೆದರು. ಎರಡನೇ ಸಂಜೆಯೂ ಸಮ. ಶಿವರಾತ್ರಿಯ ಮರುದಿನ, ಮೂರನೇ ಸಂಜೆಯೂ ಸಮ. ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ನೀಚ ಸಂತೋಷ ತಲೆ ಎತ್ತುತ್ತಿತ್ತು, ನನ್ನ ಸೀಲು ಗೆದ್ದಿತು ಎಂದು. ಎಂಟೂವರೆಗೆ ಅವರ ಮನೆಗೆ ಹೋಗಿ, ಅವರದೇ ಚಾಪೆಯಲ್ಲಿ ಕೂತು, ಸರೋಜಕ್ಕ ಬಡಿಸಿದ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲಸಿಕೊಳ್ಳುತ್ತಲೇ ಹಾಗೆ ಸಂತೋಷಪಟ್ಟವನು ನಾನು.

ಸರೋಜಕ್ಕ ಮಾತ್ರ ಬಿಡಲಿಲ್ಲ. "ಎಂತ ಮಗಾ, ನಿನ್ ಮಿಷನ್ ಎಂತ ಅಂತ್?"

"ಸಮ ಇತ್ತ್ ಅಕ್ಕ."

"ಹೌದಾ? ಇವ್ರನ್ನ ಕಟ್ಕಂಡ್ ಇಪ್ಪತ್ತೆಂಟ್ ವರ್ಷ ಆಯ್ತ್, ಒಂದ್ ಸುಳ್ಳ್ ಹೇಳೂಕೆ ಬತ್ತಿಲ್ಲೆ ಇವ್ರಿಗೆ. ಸುಳ್ಳ್ ಬತ್ತಿದ್ರೆ ನಾ ಬುಟ್ಟಿ ಹೊತ್ಕಣ್ಕಿತ್ತಾ? ಆಗ್ಳೇ ಎರಡ್ ಬೋಟ್ ಆತಿತ್ತ್ ನಮ್ದ್" ಎಂದು ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದರು.

ನಾಲ್ಕನೇ ಸಂಜೆ. ಏಳೂವರೆಗೆ ಎಂಟು ಉಪಗ್ರಹ ಇದ್ದವು. ಏಳು ನಲವತ್ತಕ್ಕೆ ಆರು. ನಾನು ಕಣ್ಣುಜ್ಜಿಕೊಂಡೆ. ಐದು. ಒಂದು ಬಂತು, ಎರಡು ಹೋದವು. ಪರದೆಯ ಮೇಲಿನ ಅಂಕಿಗಳು ಮೆಲ್ಲಗೆ ಸರಿಯತೊಡಗಿದವು. ಮೊದಲು ಕೊನೆಯ ಅಂಕಿ, ಆಮೇಲೆ ಅದರ ಹಿಂದಿನದು. ಅಂಗಡಿ ರಸ್ತೆ ದಾಟಿತು. ಐಸ್ ಫ್ಯಾಕ್ಟರಿಯ ಗೋಡೆ ದಾಟಿತು. ಎಂಟು ಗಂಟೆಗೆ ಯಂತ್ರದ ಪ್ರಕಾರ ನಮ್ಮ ಅಂಗಡಿ, ನಾನು, ಮುತ್ತಣ್ಣ, ಬೆಂಚು, ಸೀಲು ಎಲ್ಲವೂ ಪಂಚಗಂಗಾವಳಿ ಹೊಳೆಯಲ್ಲಿ ನಿಂತಿದ್ದೆವು.

"ಈಜೂಕೆ ಬತ್ತಾ ನಿಂಗೆ?" ಎಂದು ಮುತ್ತಣ್ಣ ಕೇಳಿದರು.

ಆಗ ನನಗೆ ಆದದ್ದು ನಾಚಿಕೆ. ಮತ್ತೆ ಅದರ ಬೆನ್ನಿಗೇ ಏನೋ ಒಂದು ಖುಷಿ. ಅವರು ಕುಣಿಯಲಿಲ್ಲ, 'ಕಂಡ್ಯಾ' ಎನ್ನಲಿಲ್ಲ. ಸ್ಟೂಲು ಹತ್ತಿ 'ತಪ್ಪು' ಎಂದು ಬರೆದು, ಅದರಡಿ ಸಣ್ಣಗೆ 7.40 ಎಂದು ಗೀಚಿದರು.

ಹೀಗೆ ದಿನಗಳು ಹೋದವು. ಒಂದು ಸಂಜೆ ತಪ್ಪು, ಎರಡು ಸಂಜೆ ಸಮ, ಮತ್ತೆ ತಪ್ಪು. ವಯರು ಬದಲಿಸಿದೆ. ಬೇರೊಂದು ಹೊಸ ಯಂತ್ರವನ್ನು ಪಕ್ಕದಲ್ಲಿಟ್ಟೆ. ತಪ್ಪಿದ ದಿನ ಎರಡೂ ಜೊತೆಯಾಗಿ ಹೊಳೆಗೆ ಇಳಿದವು. ಅಂದರೆ ಯಂತ್ರ ಕೆಟ್ಟಿರಲಿಲ್ಲ, ನಾನು ಬರೆದದ್ದೂ ಸುಳ್ಳಲ್ಲ. ಹಾಗಾದರೆ ಆಗುತ್ತಿರುವುದೇನು?

ಉತ್ತರ ಹಳೆಯ ಟ್ರಾನ್ಸಿಸ್ಟರ್ ಹುಡುಕಿಕೊಂಡು ಬಂತು. ಸ್ನೇಹಲತಾ ಟೀಚರ್ ಕುಂದಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವರು, ಮನೆ ಗಂಗೊಳ್ಳಿ. ರಿಪೇರಿಗೆ ಕೊಟ್ಟಿದ್ದ ರೇಡಿಯೊ ಆಯಿತೇ ಎಂದು ಕೇಳಲು ಒಂದು ಸಂಜೆ ಬಂದವರು ಕ್ಯಾಲೆಂಡರು ನೋಡಿ ನಿಂತರು.

"ಇದೆಂತ ಸಮ, ತಪ್ಪು? ಯಾರಿಗಾರೂ ಹುಷಾರಿಲ್ಯಾ?"

ನಾವು ಹೇಳಿದೆವು. ಅವರು ಬ್ಯಾಗು ಕೆಳಗಿಟ್ಟು ಬೆಂಚಿನ ಮೇಲೆ ಕೂತೇಬಿಟ್ಟರು. ಆಮೇಲೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೆಚ್ಚುಕಡಿಮೆಯಾಗಿದ್ದರೆ ಟಿ.ವಿ. ಪೇಪರನ್ನು ನೆನಪಿಸಿಕೊಂಡು ಕ್ಷಮಿಸಬೇಕು.

ನಮ್ಮ ತಲೆಯಿಂದ ಮುನ್ನೂರು ನಾನೂರು ಕಿಲೋಮೀಟರ್ ಮೇಲೆ ತೆಳು ಗಾಳಿ ಇದೆ. ಬಿಸಿಲು ಆ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಹಾಕುತ್ತದೆ. ಬೆಳಗಾದಂತೆ ಅವು ಹೆಚ್ಚುತ್ತವೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ತುಂಬಿ ತುಳುಕುತ್ತವೆ, ಕತ್ತಲಾದ ಮೇಲೆ ಇಳಿಯುತ್ತವೆ. ಉಪಗ್ರಹದ ಸಂದೇಶ ಈ ಪದರ ದಾಟಿಯೇ ಕೆಳಗೆ ಬರಬೇಕು, ದಾಟುವಾಗ ಸ್ವಲ್ಪ ತಡವಾಗುತ್ತದೆ. ಆ ತಡವನ್ನು ಯಂತ್ರ ಅಂದಾಜಿನಲ್ಲಿ ಕಳೆದು ಲೆಕ್ಕ ಹಾಕುತ್ತದೆ. ಆದರೆ ಭೂಮಧ್ಯರೇಖೆಗೆ ಹತ್ತಿರದ ನಮ್ಮಂಥ ಊರುಗಳ ಮೇಲೆ ಅಂದಾಜು ಸುಲಭವಲ್ಲ. ಇಲ್ಲಿ ಎಲೆಕ್ಟ್ರಾನುಗಳು ಕಾರಂಜಿಯ ಹಾಗೆ ಮೇಲೆದ್ದು ಉತ್ತರಕ್ಕೂ ದಕ್ಷಿಣಕ್ಕೂ ಬೀಳುತ್ತವೆ. ಸೂರ್ಯ ಮುಳುಗಿದೊಡನೆ ಪದರದ ತಳಭಾಗ ಬೇಗ ಕರಗಿ, ಮೇಲೆ ಮಾತ್ರ ದಟ್ಟವಾಗಿ ಉಳಿದು, ಕೆಳಗಿನಿಂದ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳಲ್ಲಿ ಹಾದ ಸಂದೇಶ ಚೆದುರಿಹೋಗುತ್ತದೆ, ಯಂತ್ರ ಒಂದೊಂದೇ ಉಪಗ್ರಹವನ್ನು ಕಳೆದುಕೊಂಡು ಜಾಗ ತಪ್ಪುತ್ತದೆ.

"ಗಂಜಿ ಕುದಿವತ್ತಿಗೆ ಗುಳ್ಳೆ ಬತ್ತಲೆ, ಹಾಂಗೆ" ಎಂದರು ಟೀಚರ್. "ಮಾರ್ಚಂಗೂ ಸೆಪ್ಟೆಂಬರಂಗೂ ಜಾಸ್ತಿ. ಅದ್ರಲ್ಲೂ ಸೂರ್ಯ ಹನ್ನೊಂದ್ ವರ್ಷಕ್ಕೊಂದ್ಸಲ ಜೋರಾತ, ಈಗ ಆ ಜೋರಿನ ಕಾಲ. ಗುಳ್ಳೆ ಎಲ್ಲ ದಿನವೂ ಏಳುದಿಲ್ಲೆ. ಇವತ್ತ್ ಏಳತ್ತಾ ಅಂತ ಕೇಂಡ್ರೆ ನಂಗೂ ಗೊತ್ತಿಲ್ಲೆ, ದೊಡ್ಡ ದೊಡ್ಡವ್ರಿಗೂ ಸಮ ಗೊತ್ತಿಲ್ಲೆ."

ನಾನು ತಲೆಯಾಡಿಸಿದೆ. ಅರ್ಥವಾಗದಾಗ ನಾನು ಜೋರಾಗಿ ತಲೆಯಾಡಿಸುತ್ತೇನೆ. ಮುತ್ತಣ್ಣ ಆಡಿಸಲಿಲ್ಲ. ಕೇಳಿದರು:

"ಟೀಚರೆ, ಹೊಳಿಯಂಗೆ ಮೀನ್ ಚುಚ್ಚುವತ್ತಿಗೆ ಕಂಡಲ್ಲೇ ಚುಚ್ಚಿರೆ ಸಿಕ್ಕುದಿಲ್ಲೆ. ಮೀನ್ ಅಲ್ಲಿರುದೇ ಇಲ್ಲೆ. ಕಂಡದ್ರಿಂದ ಒಂಚೂರ್ ಕೆಳಗೆ ಹೊಡಿಕ್. ನೀರ್ ಅಲ್ಲಾಡ್ತಿದ್ರೆ ಆ ಲೆಕ್ಕವೂ ಆತಿಲ್ಲೆ, ಮನಿಗೆ ಹೋಪುದೇ. ಇದ್ ಹಾಂಗೆಯಾ?"

ಟೀಚರ್ ಅವರನ್ನೇ ನೋಡಿದರು. "ಹಾಂಗೇ."

"ಹಾಂಗಾರೆ ಮೇಲೂ ಒಂದ್ ನೀರ್ ಇತ್ತ್" ಎಂದರು ಮುತ್ತಣ್ಣ, ಮಾಡಿನ ಕಡೆ ತಲೆ ಎತ್ತಿ. "ಐವತ್ತ್ ವರ್ಷ ನೀರಿನ್ ಮೇಲೇ ಇದ್ದೆ ಅಂತ ಮಾಡಿದ್ದೆ. ಅಡಿಯಂಗೂ ಇದ್ದೆ ಅಂತಾಯ್ತ್."

ಟೀಚರ್ ಅಂದಿನಿಂದ ಎರಡು ದಿನಕ್ಕೊಮ್ಮೆ ಬಂದು ಚೌಕಗಳನ್ನು ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಂಡರು. ಅವರ ಟ್ರಾನ್ಸಿಸ್ಟರನ್ನು ನಾನು ಇನ್ನೂ ಸರಿ ಮಾಡಿರಲಿಲ್ಲ. ಅವರೂ ಕೇಳಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ ಭೋಜರಾಜಣ್ಣನನ್ನು ನಾನೇ ಕರೆದೆ. ಎಲೆಕ್ಟ್ರಾನು, ಕಾರಂಜಿ, ಗುಳ್ಳೆ ಎಲ್ಲವನ್ನೂ ನನ್ನ ಬಾಯಿಂದ ಕೇಳಿದ ಅವರು, "ನಿನ್ನ ಗುಳ್ಳೆ ಬಿಡ್. ಅಂಗಡಿ ಹೊಳಿಗೆ ಇಳಿವುದನ್ನ ತೋರ್ಸ್" ಎಂದು ಆರೂವರೆಗೆ ಬೆಂಚಿನ ಮೇಲೆ ಕೂತರು. ಆ ಹೊತ್ತಿಗೆ ಹದಿನಾರು ಚೌಕ ತುಂಬಿದ್ದವು, ಏಳರಲ್ಲಿ ತಪ್ಪು, ಒಂಬತ್ತರಲ್ಲಿ ಸಮ. ಇದು ಹದಿನೇಳನೆಯದು.

ಏಳೂವರೆ. ಒಂಬತ್ತು ಉಪಗ್ರಹ. ಏಳೂಮುಕ್ಕಾಲು. ಒಂಬತ್ತು. ನಾನು ಮನಸ್ಸಿನಲ್ಲೇ ಗುಳ್ಳೆಗಳನ್ನು ಕರೆಯುತ್ತಿದ್ದೆ. ಜೀವಮಾನದಲ್ಲಿ ಆವರೆಗೆ ಯಂತ್ರ ಕೆಡಲಿ ಎಂದು ಬೇಡಿಕೊಂಡವನಲ್ಲ. ಎಂಟು ಗಂಟೆ. ಅಂಗಡಿ ದಡದಲ್ಲೇ ಇತ್ತು. ಎಂಟೂಕಾಲು. ಇಡೀ ತಿಂಗಳಲ್ಲೇ ಅಷ್ಟು ನೆಟ್ಟಗೆ ಅದು ನಿಂತಿರಲಿಲ್ಲ.

ಭೋಜರಾಜಣ್ಣ ಎದ್ದು ಪಂಚೆ ಕೊಡವಿಕೊಂಡರು. "ಆಯ್ತಲೆ? ನಾಳೆ ಬೆಳಿಗ್ಗೆ ದೇವಸ್ಥಾನದಂಗೆ ಕಾಂಬ. ಬಂದ್ರೆ ಬಾ, ಇಲ್ದಿದ್ರೆ ನಿನ್ನಿಷ್ಟ ಮುತ್ತು."

ಒಂದು ಹೆಜ್ಜೆ ಬಾಗಿಲಾಚೆ ಇಟ್ಟ ಭೋಜರಾಜಣ್ಣ ಹಿಂದಿನಿಂದ ಸ್ಟೂಲು ಕಿರುಗುಟ್ಟಿದ್ದು ಕೇಳಿ ತಿರುಗಿದರು. ಮುತ್ತಣ್ಣ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಅಂದಿನ ಚೌಕದಲ್ಲಿ ಬರೆಯುತ್ತಿದ್ದರು.

"ಎಂತ ಬರ್ದದ್ದ್?"

"ಸಮ" ಎಂದರು ಮುತ್ತಣ್ಣ, ತಿರುಗದೆ.

"ಇವತ್ತ್ ಸಮ ಅಂತ ಬರ್ದ್ರೆ ಯಾರಿಗ್ ಲಾಭ? ನಾ ಹೋದ್ ಮೇಲೆ ತಪ್ಪಿತ್ ಅಂತ ಬರ್ದಿದ್ರೆ ಯಾರ್ ಕೇಂತಿದ್ರ್?"

ಮುತ್ತಣ್ಣ ಸ್ಟೂಲಿನಿಂದ ಇಳಿದರು. ನಿಜವಾಗಿಯೂ ಪ್ರಶ್ನೆ ಅರ್ಥವಾಗದವರ ಮುಖ. "ಬಪ್ಪ ಮಾರ್ಚಂಗೆ ಇದ್ನ ಕಾಂಬವ ನಾನೇ ಅಲ್ದಾ ಭೋಜಣ್ಣ? ಯಾವ್ ಬೋಟಂಗೇ ಇರ್ಲಿ. ನಂಗೆ ನಾನೇ ಸುಳ್ಳ್ ಬರ್ದ್ಕಂಡ್ರೆ ಪಾದೆ ಬಿಡತ್ತಾ?"

ಭೋಜರಾಜಣ್ಣ ಮತ್ತೆ ಒಳಗೆ ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಕ್ಯಾಲೆಂಡರಿನ ಎದುರು ನಿಂತರು. ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಓದಿದರು. ಸಮ. ಸಮ. ಸಮ. ತಪ್ಪು, 7.40. ಸಮ. ಹದಿನೇಳರಲ್ಲಿ ಹತ್ತು ಚೌಕಗಳು ಬರೆದವನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದವು. ಕೊನೆಯದಕ್ಕೆ ಅವರೇ ಕಣ್ಣಾರೆ ಸಾಕ್ಷಿ.

ಆಮೇಲೆ ಜೇಬಿನಿಂದ ನನ್ನ ಸೀಲಿನ ಕಾಗದ ತೆಗೆದರು. ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವಂತಿತ್ತು. ಮೇಜಿನ ಮೇಲೆ ಬಿಡಿಸಿಟ್ಟು ನನ್ನನ್ನು ಕೇಳಿದರು: "ಇದ್ರಂಗೆ ಹೊತ್ತ್ ಬರ್ದಿದ್ಯಾ ನೀನ್?"

"ಇಲ್ಲೆ."

"ಬರಿ."

'ಯಂತ್ರ ಸರಿಯಾಗಿದೆ' ಎಂಬುದರ ಹಿಂದೆ ಇದ್ದ ಸಣ್ಣ ಜಾಗದಲ್ಲಿ 'ಬೆಳಿಗ್ಗೆ 11 ಗಂಟೆಗೆ' ಎಂದು ಸೇರಿಸಿದೆ. ಅಭ್ಯಾಸಬಲದಿಂದ ಸೀಲಿಗೆ ಕೈ ಹಾಕಿದೆ. "ಸೀಲ್ ಬೇಡ ಮಾರಾಯ, ಸಾಕ್" ಎಂದು ಭೋಜರಾಜಣ್ಣ ಕೈ ಮುಗಿದರು.

ಬಾಗಿಲ ಹೊರಗೆ ಹೋಗಿ, ಮುಖ ಬಂದರಿನ ಕಡೆ ಮಾಡಿ, ಗಂಟಲು ಸರಿಮಾಡಿಕೊಂಡರು. "ಮುತ್ತಣ್ಣ, ನಾಳೆ ದೇವಸ್ಥಾನಕ್ಕೆ ಬನ್ನಿ. ಆಣೆಗಲ್ಲ. ಬೋಟ್ ಇಳ್ಸೂಕೆ ಕಾಯಿ ಒಡ್ಸ್ಕ್. ತಾಂಡೇಲ ಇಲ್ದೆ ಕಾಯಿ ಒಡ್ಸೂಕೆ ಆತ್ತಾ?"

ಮುತ್ತಣ್ಣ "ಬತ್ತೆ" ಎಂದರು. ಅಷ್ಟೇ. ಅವತ್ತು ಸರೋಜಕ್ಕ ಸುದ್ದಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮರುಕ್ಷಣವೇ ನನ್ನತ್ತ ತಿರುಗಿ, "ಇನ್ ನೀನ್ ಊಟಕ್ಕೆ ಬತ್ತಿಲ್ಯಾ ಹಾಂಗಾರೆ?" ಎಂದು ಜಗಳದ ದನಿಯಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಆ ವರ್ಷದಿಂದ ಭೋಜರಾಜಣ್ಣನ ಬೋಟು ಮಾರ್ಚಿನಲ್ಲೂ ಸೆಪ್ಟೆಂಬರಿನಲ್ಲೂ ಸೂರ್ಯ ಮುಳುಗಿದ ಮೇಲೆ ಅಜ್ಜಿಪಾದೆಗೆ ಹೋಗಲಿಲ್ಲ. ನೋಡಿ ನೋಡಿ ಉಳಿದವರೂ ಬಿಟ್ಟರು. ಕಾರಣ ಕೇಳಿದರೆ 'ಮೇಲಿನ ನೀರ್ ಸಮ ಇಲ್ಲೆ' ಎನ್ನುತ್ತಾರೆ. ಸ್ನೇಹಲತಾ ಟೀಚರ್ ಆ ಮಾರ್ಚಿನ ಹಾಳೆಯ ನಕಲನ್ನು ಪ್ರತಿ ವರ್ಷ ಹೊಸ ಮಕ್ಕಳಿಗೆ ತೋರಿಸುತ್ತಾರಂತೆ. ಮೂಲ ಹಾಳೆ ನನ್ನ ಟ್ರಂಕಿನಲ್ಲಿದೆ, ಐ.ಟಿ.ಐ. ಸರ್ಟಿಫಿಕೇಟಿನ ಮೇಲೆ.

ಈಗ 2008. ನನ್ನ ಕಾರ್ಡಿನಲ್ಲಿ ಇನ್ನೂ ಇಂಜಿನಿಯರ್ ಎಂದೇ ಇದೆ. ಸೂರ್ಯ ತಣ್ಣಗಿದ್ದಾನೆ, ಮೂರು ವರ್ಷದಿಂದ ನಮ್ಮ ಅಂಗಡಿ ಹೊಳೆಗೆ ಇಳಿದಿಲ್ಲ. ಇನ್ನು ಮೂರು ನಾಲ್ಕು ವರ್ಷಕ್ಕೆ ಮತ್ತೆ ಎದ್ದಾನು ಎನ್ನುತ್ತಾರೆ ಟೀಚರ್. ಆದರೂ ನನ್ನ ಕೈಯಿಂದ ಹೊರಡುವ ಪ್ರತಿ ಯಂತ್ರವೂ ಒಂದು ಸಂಜೆ ಎಂಟೂವರೆವರೆಗೆ ನನ್ನೆದುರು ಕೂರುತ್ತದೆ, ಕಾಗದದಲ್ಲಿ ಹೊತ್ತು ಬರೆಯುತ್ತೇನೆ. ಎಷ್ಟೋ ಬಸ್ಸುಗಳು ಇದಕ್ಕಾಗಿ ತಪ್ಪಿವೆ. ಅವುಗಳಲ್ಲಿ ಒಂದಕ್ಕೂ ನನಗೆ ಬೇಸರವಿಲ್ಲ. ಮೂರನೇ ಕ್ಲಾಸಿನ ಒಬ್ಬರು ಬೈಯದೆ, ಹಂಗಿಸದೆ, ಪಕ್ಕದಲ್ಲಿ ಕೂರಿಸಿಕೊಂಡು ನನಗೆ ನೋಡಲು ಕಲಿಸಿದರು. ಅದರ ಮೇಲೆ ಊಟವನ್ನೂ ಹಾಕಿದರು.

ಮುತ್ತಣ್ಣ ಎರಡು ವರ್ಷದ ಹಿಂದೆ ಚುಕ್ಕಾಣಿ ಬಿಟ್ಟು ಉಪ್ಪುಂದಕ್ಕೆ ಮರಳಿದರು. ದಡದಲ್ಲಿ ಕೂತು ಬಲೆ ಹೊಲಿಯುತ್ತಾರೆ. ಅಳಿಯ ಕೊಡಿಸಿದ ಮೊಬೈಲಿನಿಂದ ವಾರಕ್ಕೊಮ್ಮೆ, ಸರಿಯಾಗಿ ಸಂಜೆ ಏಳೂಮುಕ್ಕಾಲಿಗೆ ಫೋನ್ ಮಾಡುತ್ತಾರೆ.

"ಹ್ವಾಯ್ ಇಂಜಿನೇರೆ, ಅಂಗಡಿ ದಡದಂಗೇ ಇತ್ತಾ?"

ಇದೆ ಎಂದು ನನಗೆ ಗೊತ್ತು. ಆದರೂ "ಒಂದ್ನಿಮಿಷ ಮುತ್ತಣ್ಣ" ಎಂದು ಒಳಗೆ ಹೋಗಿ, ಪರದೆ ನೋಡಿ, ಬಂದು ಹೇಳುತ್ತೇನೆ.